ಅಕ್ಕನ ಮಾತಿನ ದೊಡ್ಡ ಫೈಲುಗಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಬೇರೆಯವರ ಕೆಮ್ಮು, ತೇಗು, ಬಾಯಲ್ಲಿ ಅಡಿಕೆ ಚೂರು ಹೊರಳಿಸುವ ಸದ್ದು ಕೇಳುತ್ತ ಕೂರುವವಳಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಹಾಸನದಲ್ಲಿ ನಮ್ಮ ಮನೆಯ ಮಹಡಿ ಮೇಲಿನ ಕೋಣೆಯಲ್ಲಿ ಕೂತು ಪಾಡ್‌ಕಾಸ್ಟುಗಳನ್ನು ಎಡಿಟ್ ಮಾಡಿಕೊಡುವುದು ನನ್ನ ಕಸುಬು. ಹಾಡಲ್ಲ, ನಾಟಕವಲ್ಲ, ಬರೀ ಮಾತು. ಅರಕಲಗೂಡಿನ ಒಬ್ಬ ವಕೀಲರು ಜಮೀನಿನ ಕಾನೂನು ಹೇಳುತ್ತಾರೆ. ಹೊಳೆನರಸೀಪುರದ ಒಬ್ಬ ನಿವೃತ್ತ ಮೇಷ್ಟ್ರು ಊರೂರಿನ ಕೆರೆಗಳ ಕತೆ ಹೇಳುತ್ತಾರೆ. ಅವರು ಮಾತಾಡಿದ್ದರಲ್ಲಿ ಬೇಡದ್ದನ್ನು ಕತ್ತರಿಸಿ, ಫ್ಯಾನಿನ ಗುಂಯ್ ಸದ್ದು ತಗ್ಗಿಸಿ, ಕೇಳುವ ಹಾಗೆ ಮಾಡಿ ಕೊಡುತ್ತೇನೆ.

ಎಲ್ಲರಿಗೂ ನಾನು ಮೊದಲೇ ಒಂದು ಮಾತು ಹೇಳಿರುತ್ತೇನೆ, ಯಾರೂ ಕೇಳುವುದಿಲ್ಲ. ರೆಕಾರ್ಡ್ ಆದ ಮೂಲ ಫೈಲನ್ನು ಹಾಗೇ ಇಡಿ, ಅದನ್ನು ಚಿಕ್ಕದು ಮಾಡಲು ಹೋಗಬೇಡಿ ಎಂದು. ವೇವ್ ಫೈಲು ಎಂದರೆ ಮೈಕಿಗೆ ಬಿದ್ದದ್ದನ್ನೆಲ್ಲ ಇದ್ದ ಹಾಗೇ ಇಟ್ಟುಕೊಂಡದ್ದು. ದೊಡ್ಡದಾಗಿರುತ್ತದೆ, ಜಾಗ ತಿನ್ನುತ್ತದೆ. ಎಂಪಿತ್ರೀ ಎಂದರೆ ಕಿವಿಗೆ ಅಷ್ಟಾಗಿ ಗೊತ್ತಾಗಲಾರದು ಅನಿಸಿದ್ದನ್ನೆಲ್ಲ ಎಸೆದು ಚಿಕ್ಕದು ಮಾಡಿದ್ದು. ಎಡಿಟ್ ಎಲ್ಲ ಮುಗಿದ ಮೇಲೆ, ಕೊನೆಗೆ ಒಂದೇ ಒಂದು ಸಲ ಚಿಕ್ಕದು ಮಾಡಬೇಕು. ಚಿಕ್ಕದು ಮಾಡಿದ್ದನ್ನು ತೆರೆದು, ಕತ್ತರಿಸಿ, ಮತ್ತೆ ಚಿಕ್ಕದು ಮಾಡಿದರೆ ಪ್ರತಿ ಸಲವೂ ಇನ್ನಷ್ಟು ಹೋಗುತ್ತದೆ. ಎಸೆದದ್ದು ಹೋದದ್ದೇ. ಇದನ್ನು ಹೇಳಿ ಹೇಳಿ ನನ್ನ ಬಾಯಿ ಒಣಗಿದೆ. ಹೂಂ ಹೂಂ ಎನ್ನುತ್ತಾರೆ, ಮಾರನೆಯ ದಿನ ಹಿಂಡಿ ಹಿಪ್ಪೆ ಮಾಡಿದ ಒಂದು ವಾಯ್ಸ್ ಮೆಸೇಜು ಕಳಿಸಿ, ಮೇಡಂ ಇದನ್ನು ಸ್ವಲ್ಪ ಕ್ಲಿಯರ್ ಮಾಡಿ ಎನ್ನುತ್ತಾರೆ.

ನನ್ನ ಮಾತು ಕೇಳದವರಲ್ಲಿ ಮೊದಲನೆಯವಳು ನನ್ನ ಸ್ವಂತ ಅಕ್ಕ. ಶಾಂತಿಗ್ರಾಮದಿಂದ ಒಳಗೆ ಒಂದು ಹಳ್ಳಿಗೆ ಅವಳನ್ನು ಕೊಟ್ಟಿದ್ದು. ಹಸು, ಕರು, ಡೈರಿ, ಹೊಲ, ಇಷ್ಟೇ ಅವಳ ಲೋಕ, ಆದರೆ ಬಾಯಿ ಮಾತ್ರ ಜಿಲ್ಲೆಗೆಲ್ಲ ಸಾಕಾಗುವಷ್ಟು. ಅವಳು ಬರುತ್ತಿದ್ದಾಳೆ ಎಂದು ಮೂರು ಮನೆ ಆಚೆಗೇ ಗೊತ್ತಾಗುತ್ತಿತ್ತು. ಒಂದು ಸಲ ನಾನು ಹೋಗಿದ್ದಾಗ, ಹಲ್ಲಿನ ಲೆಕ್ಕ ಸುಳ್ಳು ಹೇಳಿ ಮುದಿ ಹಸುವನ್ನು ಎಳೆಯದೆಂದು ಮಾರಿದ ದಲ್ಲಾಳಿಯ ಕತೆ ಹೇಳುತ್ತ ಕೊಟ್ಟಿಗೆ ಗುಡಿಸುತ್ತಿದ್ದಳು. ನಾನು ನಕ್ಕು ನಕ್ಕು ಸಾಕಾಗಿ ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಹಾಸನಕ್ಕೆ ಬಂದು ಕತ್ತರಿಸಿ ಪಾಡ್‌ಕಾಸ್ಟ್ ಎಂದು ಬಿಟ್ಟೆ. ಅಲ್ಲಿಂದ ಶುರುವಾದದ್ದು. ಕರುವಿನ ಬೇನೆ, ಓರಗಿತ್ತಿಯರ ಜಗಳ, ಸೊಪ್ಪಿನ ಸಾರು, ಡೈರಿಯ ಚುನಾವಣೆ, ಅವಳು ಮಾತಾಡದ ವಿಷಯವಿಲ್ಲ. ಚನ್ನರಾಯಪಟ್ಟಣ, ಹೊಳೆನರಸೀಪುರದ ಕಡೆಯ ಹೆಂಗಸರು ಹಾಲು ಕರೆಯುತ್ತ ಕೇಳುತ್ತಿದ್ದರು. ಬಸ್ಸಿನಲ್ಲಿ ಯಾರೋ ಅವಳ ದನಿ ಗುರುತು ಹಿಡಿದು ಸೀಟು ಬಿಟ್ಟುಕೊಟ್ಟರಂತೆ. ಆ ದಿನ ಅವಳು ಬೀಗಿದ್ದು ನೋಡಬೇಕಿತ್ತು.

ರೆಕಾರ್ಡ್ ಮಾಡಲು ನಾನೇ ಹೋಗುತ್ತಿದ್ದೆ. ಕಾಲರ್ ಮೈಕು ಅವಳ ಸೆರಗಿಗೆ ಸಿಕ್ಕಿಸಿ ನಡುಮನೆಯಲ್ಲೋ ಹಿತ್ತಲಿನಲ್ಲೋ ಕೂರಿಸುತ್ತಿದ್ದೆ. ಶುರು ಮಾಡುವ ಮೊದಲು ಅರ್ಧ ನಿಮಿಷ ಯಾರೂ ಉಸಿರೆತ್ತುವ ಹಾಗಿಲ್ಲ. ಆ ಜಾಗದ ಸದ್ದು ಮಾತ್ರ ಬೇಕು: ಫ್ರಿಜ್ಜಿನ ಗೊರಗೊರ, ದೂರದ ಹೈವೇ, ಹಸು ಮೆಲುಕು ಹಾಕುವುದು. ಅಷ್ಟನ್ನು ಕಂಪ್ಯೂಟರಿಗೆ ತೋರಿಸಿ, ಇಂಥ ಸದ್ದನ್ನು ಮಾತಿನ ಅಡಿಯಿಂದ ತೆಗೆ ಎಂದರೆ ಅದು ತೆಗೆಯುತ್ತದೆ. ಹದವಾಗಿ ತೆಗೆಯಬೇಕು, ಜಾಸ್ತಿ ತೆಗೆದರೆ ಮನುಷ್ಯರ ದನಿ ನೀರೊಳಗಿಂದ ಬಂದಂತಾಗುತ್ತದೆ. ಈ ಅರ್ಧ ನಿಮಿಷ ಸುಮ್ಮನಿರುವುದೆಂದರೆ ಅಕ್ಕನಿಗೆ ಜೀವ ಹೋದಂತಾಗುತ್ತಿತ್ತು. ಬೆರಳನ್ನು ತುಟಿಯ ಮೇಲೆ ಒತ್ತಿಕೊಂಡು, ಕಣ್ಣಲ್ಲೇ ಎಲ್ಲ ಮಾತಾಡುತ್ತ, ನಗು ತಡೆದುಕೊಂಡು ಕೂರುತ್ತಿದ್ದಳು. ಹತ್ತು ಎಣಿಸುವುದರೊಳಗೆ ಏನೋ ಒಂದು ಒದರಿಬಿಡುತ್ತಿದ್ದಳು. ನಾನು ರೇಗುತ್ತಿದ್ದೆ, ಮತ್ತೆ ಮೊದಲಿನಿಂದ.

ಇನ್ನೊಂದು ರಗಳೆ ಎಂದರೆ ಕೊಳಲು. ಬರೀ ಮಾತು ಕೇಳಿದರೆ ಬೋಳುಬೋಳಾಗಿರುತ್ತದೆ, ಹಿಂದೆ ಏನಾದರೂ ನುಡಿಸಬೇಕು ಎಂದು ಅವಳ ಹಟ. ಮಾತು ಸ್ಪಷ್ಟ ಕೇಳುವುದಿಲ್ಲ ಎಂದು ನಾನು ಎಷ್ಟು ಹೇಳಿದರೂ ಕೇಳಲಿಲ್ಲ, ಕೇಳುಗರೂ ಅವಳ ಕಡೆಗೇ ಸೇರಿಕೊಂಡರು. ಕೊನೆಗೆ ಎಲ್ಲ ಸಂಚಿಕೆಗಳ ಅಡಿಯಲ್ಲೂ ಮೊದಲಿಂದ ಕೊನೆಯವರೆಗೆ ಒಂದು ಕೊಳಲು ಕುಂಯ್‌ಗುಟ್ಟುತ್ತಲೇ ಇರುತ್ತದೆ. ಇರಲಿ, ಮೂಲ ಫೈಲು ಉಂಟಲ್ಲ ಎಂದು ನಾನು ಸುಮ್ಮನಾದೆ.

ಆ ಮೂಲ ಫೈಲುಗಳು ಇದ್ದದ್ದು ಅಕ್ಕನ ಬೀರುವಿನಲ್ಲಿ. ನನ್ನ ಕಂಪ್ಯೂಟರು ಹಳೆಯದು, ಅಷ್ಟೊಂದು ವೇವ್ ಫೈಲು ಅದಕ್ಕೆ ಹಿಡಿಸುತ್ತಿರಲಿಲ್ಲ. ಒಂದು ಹಾರ್ಡ್ ಡಿಸ್ಕಿಗೆ ಹಾಕಿದೆ. ನನ್ನ ಮಾತು ನನ್ನ ಮನೆಯಲ್ಲೇ ಇರಲಿ ಎಂದು ಅಕ್ಕ ಅದನ್ನು ಕಸಿದುಕೊಂಡಳು. ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಇಡೋಣ ಎಂದರೆ, ನಮ್ಮ ಬೀರುವಿನಲ್ಲಿ ಇಟ್ಟದ್ದು ಯಾವತ್ತಾದರೂ ಕಳೆದುಹೋಗಿದೆಯೇ ಎಂದು ನನ್ನನ್ನೇ ದಬಾಯಿಸಿದಳು. ರವಿಕೆ ಬಟ್ಟೆಯಲ್ಲಿ ಸುತ್ತಿ, ಅರಿಶಿನ ಕುಂಕುಮ ಹಚ್ಚಿ, ಬೆಳ್ಳಿ ದೀಪಗಳ ಪಕ್ಕ ಇಟ್ಟಳು. ಅವಳು ಹೇಳಿದ್ದು ನಿಜವೇ. ಅದು ಕಳೆಯಲಿಲ್ಲ. ಇಟ್ಟಲ್ಲೇ ಇತ್ತು.

ಗಂಟಲು ಕಟ್ಟಿದ್ದು ಒಂದು ಚಳಿಗಾಲದಲ್ಲಿ. ಶೀತ ಎಂದಳು. ಮೆಣಸಿನ ಕಷಾಯ ಕುಡಿದಳು, ಬಿಸಿನೀರಿಗೆ ಉಪ್ಪು ಹಾಕಿ ಮುಕ್ಕಳಿಸಿದಳು, ಜ್ಯೇಷ್ಠಮಧು ಬಾಯಲ್ಲಿಟ್ಟುಕೊಂಡು ಓಡಾಡಿದಳು. ದನಿ ಒಡೆಯಿತು, ಆಮೇಲೆ ಇಳಿಯಿತು. ಹಾಸನದ ಡಾಕ್ಟರು ಪೈಪು ಬಿಟ್ಟು ನೋಡಿ ಮುಖ ಸಪ್ಪಗೆ ಮಾಡಿಕೊಂಡು ಬೆಂಗಳೂರಿಗೆ ಬರೆದುಕೊಟ್ಟರು. ಅಲ್ಲಿಯವರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ತಡ ಮಾಡುವ ಹಾಗಿಲ್ಲ ಎಂದರು. ಆಪರೇಷನ್ನಿಗೆ ಮೊದಲು ಅಕ್ಕನ ದನಿ ರೆಕಾರ್ಡ್ ಮಾಡಿಕೊಳ್ಳಬೇಕು ಎಂದು ನನಗೆ ಹೊಳೆಯದೆ ಇರಲಿಲ್ಲ, ಮೈಕು ತೆಗೆದುಕೊಂಡೇ ಹೋಗಿದ್ದೆ. ಆದರೆ ಅಷ್ಟರಲ್ಲಿ ರೆಕಾರ್ಡ್ ಮಾಡಲು ಏನೂ ಉಳಿದಿರಲಿಲ್ಲ. ಒಣ ಎಲೆ ಉಜ್ಜಿದಂಥ ಒಂದು ಪಿಸುಗುಟ್ಟು, ಅಷ್ಟೇ.

ಆಪರೇಷನ್ ಆಯಿತು. ಜೀವ ಉಳಿಯಿತು. ಈಗ ಅವಳು ಉಸಿರಾಡುವುದು ಕತ್ತಿನ ಕೆಳಗೆ ಮಾಡಿದ ತೂತಿನಿಂದ. ಬಾಯಿ ಆಡಿಸುತ್ತಾಳೆ, ಏನೂ ಬರುವುದಿಲ್ಲ. ಕತ್ತಿಗೆ ಹಿಡಿದುಕೊಂಡು ಮಾತಾಡುವ ಒಂದು ಮಷೀನು ಕೊಟ್ಟರು. ಅದರ ಗರಗರ ಕೇಳಿ ಒಂದೇ ದಿನಕ್ಕೆ ಮೂಲೆಗೆ ಎಸೆದಳು. ಆಗ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿಯೊಬ್ಬಳು ನನ್ನನ್ನು ಪಕ್ಕಕ್ಕೆ ಕರೆದು ಇನ್ನೊಂದು ದಾರಿ ಹೇಳಿದಳು. ಹಳೆಯ ರೆಕಾರ್ಡಿಂಗ್ ಇದ್ದರೆ ಅದನ್ನು ಕೊಟ್ಟು ಕಂಪ್ಯೂಟರಿನಲ್ಲಿ ಅವರದೇ ದನಿ ಮಾಡಿಸಬಹುದು. ಫೋನಿನಲ್ಲಿ ಬರೆದರೆ ಅದು ಅವರ ದನಿಯಲ್ಲೇ ಓದುತ್ತದೆ. ಆದರೆ ಶುದ್ಧವಾದ ಮೂಲ ರೆಕಾರ್ಡಿಂಗ್ ಬೇಕು, ಹಿಂದೆ ಮ್ಯೂಸಿಕ್ ಇರಬಾರದು, ಹಿಂಡಿ ಚಿಕ್ಕದು ಮಾಡಿರಬಾರದು. ಅರ್ಧ ಗಂಟೆಯಷ್ಟಾದರೂ ಇದೆಯೇ ಮೇಡಂ ಎಂದು ಕೇಳಿದಳು. ಅರ್ಧ ಗಂಟೆಯೇ? ನನಗೆ ನಗು ಬಂತು. ಬೀರುವಿನ ತುಂಬ ಇದೆ ಎಂದೆ. ಅಷ್ಟು ದಿನಗಳಲ್ಲಿ ಮೊದಲ ಸಲ ನಾನು ಹೊಟ್ಟೆ ತುಂಬ ಊಟ ಮಾಡಿದ್ದು ಆವತ್ತು.

ಅಕ್ಕನಿಗೆ ಹೇಳಿದೆ. ಅವಳ ಕಣ್ಣು ಅರಳಿತು. ಫೋನಿನಲ್ಲಿ ಕನ್ನಡ ಬರೆಯುವುದನ್ನು ಮಗಳು ಕಲಿಸಿಕೊಟ್ಟಿದ್ದಳು, ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಿದ್ದಳು. ಬಹಳ ಹೊತ್ತು ಒತ್ತಿ ನನಗೆ ತೋರಿಸಿದಳು: "ನಿಮ್ಮ ಭಾವನ್ನ ನನ್ ಬಾಯಲ್ಲೇ ಬೈಬೇಕು ಕಣಮ್ಮಿ. ಕೈಯಲ್ಲಿ ಬೈದ್ರೆ ಅವ್ರಿಗೆ ತಾಕಲ್ಲ."

ಭಾವ ಪಕ್ಕದಲ್ಲೇ ಕೂತಿದ್ದರು. ಓದಿ ನಕ್ಕರು. ಅವರು ಮಾತು ಕಡಿಮೆಯ ಮನುಷ್ಯ, ಹೆಂಡತಿಯ ಬೈಗುಳ ಕೇಳಿಕೊಂಡೇ ಬಾಳುವೆ ನಡೆಸಿದವರು. ಬೈಗುಳ ನಿಂತ ಮೇಲೆ ಮನೆಯೊಳಗೆ ದಾರಿ ತಪ್ಪಿದವರಂತೆ ಓಡಾಡುತ್ತಿದ್ದರು.

ಅಕ್ಕನನ್ನು ಬೆಂಗಳೂರಿನಿಂದ ಊರಿಗೆ ಕರೆತಂದ ಮೇಲೆ ಅವಳ ಮನೆಗೆ ಲ್ಯಾಪ್‌ಟಾಪು ತೆಗೆದುಕೊಂಡು ಹೋದೆ. ಬೀರು ತೆಗೆದು ರವಿಕೆ ಬಟ್ಟೆ ಬಿಚ್ಚಿ ಡಿಸ್ಕು ಸಿಕ್ಕಿಸಿದೆ. ಎಲ್ಲ ಫೈಲೂ ಇದ್ದವು. ನಾನು ಇಟ್ಟ ಹೆಸರುಗಳೇ, ಗಾತ್ರವೂ ದೊಡ್ಡದೇ. ಒಂದನ್ನು ಹಾಕಿದೆ. ನಡುಮನೆಯ ತುಂಬ ಅಕ್ಕನ ದನಿ. ಕೊಳಲಿಲ್ಲ, ಬರೀ ಅವಳು. ಪಕ್ಕದ ಮನೆಯವರು ಬಾಗಿಲಿಗೆ ಬಂದು ನಿಂತರು. ಅಕ್ಕ ಗೋಡೆಗೆ ಒರಗಿ ಕೂತು ತನ್ನ ಮಾತಿಗೆ ತಾನೇ ಸದ್ದಿಲ್ಲದೆ ನಕ್ಕಳು. ಸಾಕು ಇನ್ನು, ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಅಕ್ಕ ಹಸುಗಳಿಗೆ ಹುಲ್ಲು ಹಾಕಲು ಹಿತ್ತಲಿಗೆ ಹೋದಳು. ಒಳ್ಳೆಯ ಭಾಗಗಳನ್ನು ಆರಿಸಿಡೋಣ ಎಂದು ನಾನು ಹೆಡ್‌ಫೋನ್ ಹಾಕಿಕೊಂಡೆ.

ಹೆಡ್‌ಫೋನಿನಲ್ಲಿ ಕೇಳಿದ ಮೊದಲ ವಾಕ್ಯವನ್ನೇ ನಿಲ್ಲಿಸಿ ಮತ್ತೆ ಹಾಕಿದೆ. ಅವಳು ಸ ಎಂದಾಗೆಲ್ಲ ಅದರ ಸುತ್ತ ಒಂದು ನೀರಿನ ಜುಳುಜುಳು. ಮಾತಿನ ಕೊನೆಗಳು ನವೆದುಹೋಗಿದ್ದವು. ಈ ಕಾಯಿಲೆ ನನಗೆ ಗೊತ್ತು, ದಿನಾ ಕೇಳುತ್ತೇನೆ. ಆದರೂ ನಂಬದೆ, ಸದ್ದನ್ನು ದಪ್ಪ ದನಿ ಕೆಳಗೆ, ಕೀರಲು ದನಿ ಮೇಲೆ ಎಂದು ಚಿತ್ರವಾಗಿ ತೋರಿಸುವ ಕಿಟಕಿ ತೆರೆದೆ. ಮೂಲ ಫೈಲಿನಲ್ಲಿ ಆ ಚಿತ್ರ ಮೇಲಿನವರೆಗೂ ಹಬ್ಬಿಕೊಂಡಿರಬೇಕು. ಇದರಲ್ಲಿ ಕೆಳಗಿನ ಸ್ವಲ್ಪ ಭಾಗ ಬಿಟ್ಟರೆ ಮೇಲೆಲ್ಲ ಕಪ್ಪು, ಕುಡುಗೋಲಿನಲ್ಲಿ ಕೊಯ್ದ ಹಾಗೆ ನೇರ ಒಂದು ಗೆರೆ. ಇನ್ನೊಂದು ಫೈಲು ತೆರೆದೆ, ಅದೂ ಹಾಗೇ. ಕೊನೆಯವರೆಗೂ ಒಂದೊಂದನ್ನೇ ತೆರೆದು ನೋಡಿದೆ. ಯಾರೋ ಎಲ್ಲವನ್ನೂ ತೀರಾ ಚಿಕ್ಕದು ಮಾಡಿ, ಮತ್ತೆ ವೇವ್ ಮಾಡಿ ದೊಡ್ಡದು ಮಾಡಿ, ಹಳೆಯ ಹೆಸರು ಕೊಟ್ಟು ಇಟ್ಟಿದ್ದರು.

ಭಾವನನ್ನು ಕರೆದೆ. ಕರೆದೆ ಎನ್ನುವುದೇನು, ಕೂಗಿದೆ. ಈ ಡಿಸ್ಕನ್ನು ಯಾರು ಮುಟ್ಟಿದ್ದು ಎಂದೆ. ಅವರು ಹೆಗಲ ಟವಲನ್ನು ಕೈಗೆ ತೆಗೆದುಕೊಂಡರು. ಆಮೇಲೆ ನಿಧಾನವಾಗಿ ಎಲ್ಲ ಹೇಳಿದರು.

ನಮ್ಮ ಕಡೆ ಇಂಟರ್‌ನೆಟ್ಟಿನಲ್ಲಿ ಕೇಳುವವರಿಗಿಂತ ಮೆಮೊರಿ ಕಾರ್ಡಿನಲ್ಲಿ ಕೇಳುವವರೇ ಜಾಸ್ತಿ. ಬಟನ್ ಫೋನಿಗೆ, ಟ್ರ್ಯಾಕ್ಟರಿನ ಸ್ಪೀಕರಿಗೆ ಮೊಬೈಲ್ ಅಂಗಡಿಯವರು ಹಾಡು ತುಂಬಿಕೊಡುತ್ತಾರೆ. ಡೈರಿಗೆ ಹಾಲು ತರುವವರು ಭಾವನ ಬೆನ್ನು ಹತ್ತಿದ್ದರು, ನಿಮ್ಮ ಮನೆಯವರ ಮಾತನ್ನು ನಮಗೂ ಕಾರ್ಡಿಗೆ ಹಾಕಿಸಿಕೊಡಿ ಎಂದು. ಹೆಂಡತಿಯ ಮಾತನ್ನು ನಾಲ್ಕು ಜನ ಕೇಳಿ ಪಡೆಯುತ್ತಾರೆ ಎಂದರೆ ಯಾರಿಗೆ ಹೆಮ್ಮೆ ಇರುವುದಿಲ್ಲ? ಅಕ್ಕನ ಗಂಟಲು ಕಟ್ಟುವ ಸ್ವಲ್ಪ ಮೊದಲು ಆದ ಮಗಳ ಮದುವೆಯ ವೀಡಿಯೋ ಹಾಕಿಸಲು ಹೇಗೂ ಡಿಸ್ಕು ಬೇಕಾಗಿತ್ತು. ಅದನ್ನು ತೆಗೆದುಕೊಂಡು ಚನ್ನರಾಯಪಟ್ಟಣದ ಒಂದು ಅಂಗಡಿಗೆ ಹೋದರು.

"ಅಂಗಡಿಯೋನು ಯೋಳ್ದ, ಇಷ್ಟ್ ದೊಡ್ಡವು ಕಾರ್ಡಿಗೆ ಇಡ್ಸಕಿಲ್ಲ, ಎಲ್ಲನೂ ಚಿಕ್ಕವು ಮಾಡ್ಬುಡ್ತೀನಿ, ಮದ್ವೆ ವೀಡಿಯಾಕೂ ಜಾಗ ಆಯ್ತದೆ ಅಂತ. ಮಾಡಪ್ಪ ಅಂದೆ. ಕೇಳಿದ್ರೆ ಅದೇ ಮಾತು, ಏನೂ ವ್ಯತ್ಯಾಸ ಇರ್ನಿಲ್ಲ ಕಣಮ್ಮಿ. ಆಮ್ಯಾಕೆ ನೀನ್ ಬಂದು ಬೈತೀಯ ಅಂತ ಎದ್ರಿಕೆ ಆಯ್ತು. ಮಗ್ಳು ವೀಡಿಯಾ ಎತ್ಕೊಂಡ್ ಓದ್ಮೇಲೆ ತಿರ್ಗಾ ಓಗಿ ಎಲ್ಲನೂ ದೊಡ್ಡವು ಮಾಡುಸ್ದೆ. ಮೊದ್ಲು ಎಷ್ಟಿದ್ವೋ ಅಷ್ಟೇ ಅವೆ, ನೋಡು ಬೇಕಾರೆ."

ಅವರು ನಿಜವಾಗಿಯೂ ಹಾಗೆ ನಂಬಿದ್ದರು. ಗಾತ್ರ ಮೊದಲಿನಷ್ಟೇ ಆದರೆ ಎಲ್ಲ ಮೊದಲಿನಂತೆಯೇ ಆಯಿತು ಎಂದು. ನನ್ನ ಬಾಯಿಗೆ ಬಂದದ್ದನ್ನೆಲ್ಲ ಅನ್ನಬೇಕೆಂದಿದ್ದೆ. ಆದರೆ ಅವರಿಗೆ ಅರ್ಥವೇ ಆಗದೆ ಬೈದು ಏನು ಪ್ರಯೋಜನ? ಅವರಿಗೆ ಗೊತ್ತಿರುವ ಲೆಕ್ಕದಲ್ಲೇ ಹೇಳಿದೆ.

"ಹಾಲಿಗೆ ನೀರು ಉಯ್ದ್ರೆ ಕ್ಯಾನು ತುಂಬುತ್ತೆ ಭಾವ. ಡಿಗ್ರಿ ಬರುತ್ತಾ?"

ಭಾವ ಡೈರಿಗೆ ಹಾಕುವ ಹಾಲಿಗೆ ಒಂದು ತೊಟ್ಟು ನೀರು ಬೆರೆಸಿದವರಲ್ಲ. ಡೈರಿಯಲ್ಲಿ ಹಾಲಿನ ಗಟ್ಟಿತನ ಅಳೆಯುವ ಆ ಡಿಗ್ರಿ ಕಡಿಮೆ ಬಂದರೆ ಅವಮಾನವೆಂದು ಹಸುವನ್ನೇ ಮಾರಿದವರು. ಅವರು ಲ್ಯಾಪ್‌ಟಾಪಿನ ಮೇಲಿದ್ದ ಫೈಲುಗಳ ಸಾಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಅಂಗಾರೆ ಇವೆಲ್ಲಾ ನೀರಾ?"

ನಾನು ಲ್ಯಾಪ್‌ಟಾಪು ಮುಚ್ಚಿದೆ. ತಲೆ ಎತ್ತಿದರೆ ಹಿತ್ತಲ ಬಾಗಿಲಲ್ಲಿ ಅಕ್ಕ. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಈಗ ಅವಳು ಬಂದದ್ದು ಯಾರಿಗೂ ತಿಳಿಯುವುದಿಲ್ಲ. ಕೈಯಲ್ಲಿ ಹುಲ್ಲಿನ ಎಸಳು ಹಾಗೇ ಇತ್ತು. ಗಂಡನ ಮುಖ ನೋಡಿದಳು. ಬೈಯಲು ಬಾಯಿ ತೆರೆದಳು, ತುಟಿ ಆಡಿತು, ಕತ್ತಿನ ತೂತಿನಲ್ಲಿ ಗಾಳಿ ಸುಯ್ ಎಂದಿತು. ಆಮೇಲೆ ಬಾಯಿ ಮುಚ್ಚಿಕೊಂಡು, ಹಾಲಿನ ಕ್ಯಾನಿನ ಕಡೆ ಕೈ ತೋರಿಸಿ, ಡೈರಿಗೆ ಹೊತ್ತಾಯಿತು ಎಂದು ಸನ್ನೆ ಮಾಡಿದಳು. ಭಾವ ಕ್ಯಾನು ಎತ್ತಿಕೊಂಡು ಹೋದರು. ಆವತ್ತು ನನಗೆ ಊಟ ಸೇರಲಿಲ್ಲ.

ಆದರೂ ಬಿಡಲಿಲ್ಲ. ಚನ್ನರಾಯಪಟ್ಟಣದ ಆ ಅಂಗಡಿಗೆ ನಾನೇ ಹೋದೆ. ಆತ ಒಳ್ಳೆಯವನೇ, ಕುರ್ಚಿ ಒರೆಸಿ ಕೂರಿಸಿದ. ಹಳೆಯ ಫೈಲುಗಳ ಮೇಲೆ ವೀಡಿಯೋ, ಅದರ ಮೇಲೆ ಮತ್ತೇನೇನೋ ಬರೆದಾಗಿದೆ, ಅಳಿಸಿದ್ದನ್ನು ಎಬ್ಬಿಸುವ ಸಾಫ್ಟ್‌ವೇರ್ ಹಾಕಿದರೂ ಏನೂ ಸಿಗುವುದಿಲ್ಲ ಎಂದ. ನನ್ನ ಎದುರಿಗೇ ಹಾಕಿಯೂ ನೋಡಿದ. ಏನೂ ಸಿಗಲಿಲ್ಲ.

ಮದುವೆಯ ವೀಡಿಯೋ ನೆನಪಾಯಿತು. ಅದರಲ್ಲಿ ಅಕ್ಕ ದಿನವೆಲ್ಲ ಮಾತಾಡಿದ್ದಾಳೆ, ಧಾರೆಯ ಹೊತ್ತಿನಲ್ಲಿ, ಊಟದ ಪಂಕ್ತಿಯಲ್ಲಿ, ಬೀಗರ ಜೊತೆ. ಅವಳ ಮಗಳಿಂದ ತರಿಸಿ ಹಾಕಿದೆ. ನಮ್ಮ ಕಡೆ ಮದುವೆ ವೀಡಿಯೋ ಮಾಡುವವರ ರೀತಿ ನಿಮಗೆ ಗೊತ್ತಿರಬೇಕು. ಅಲ್ಲಿನ ಸದ್ದನ್ನೆಲ್ಲ ತೆಗೆದು ಮೇಲೆ ಸಿನಿಮಾ ಹಾಡು ಹಾಕುತ್ತಾರೆ. ಅಕ್ಕ ಪಂಕ್ತಿಯ ನಡುವೆ ಸೊಂಟಕ್ಕೆ ಕೈ ಇಟ್ಟು ನಿಂತು ಬಡಿಸುವವರಿಗೆ ಏನೋ ಗದರುತ್ತಾಳೆ, ಬೀಗಿತ್ತಿಯ ಕಿವಿಯಲ್ಲಿ ಏನೋ ಹೇಳಿ ಬಿದ್ದುಬಿದ್ದು ನಗುತ್ತಾಳೆ, ಮೇಲೆ ಯಾರೋ ಗಂಡಸು ಪ್ರೇಮದ ಹಾಡು ಹಾಡುತ್ತಾನೆ. ಹಾಡಿಲ್ಲದ ಮೂಲವಿದೆಯೇ ಎಂದು ಸ್ಟುಡಿಯೋದವರನ್ನು ಕೇಳಿದೆ. ಆಲ್ಬಂ ಕೊಟ್ಟ ಮೇಲೆ ಯಾರು ಇಟ್ಟುಕೊಳ್ಳುತ್ತಾರೆ ಮೇಡಂ ಎಂದರು.

ನನ್ನ ಫೋನಿನಲ್ಲಿ ಅವಳ ವಾಯ್ಸ್ ಮೆಸೇಜುಗಳಿದ್ದವು. ಒಂದರಲ್ಲಿ ಮಿಕ್ಸಿ, ಒಂದರಲ್ಲಿ ಟಿವಿ, ಮಿಕ್ಕವು ಓಡುವ ಬಸ್ಸಿನಲ್ಲಿ. ಹುಟ್ಟುವಾಗಲೇ ಹಿಂಡಿಸಿಕೊಂಡು ಹುಟ್ಟಿದ ದನಿಗಳು ಅವು. ಕೊಳಲು ಸೇರಿದ ಸಂಚಿಕೆಗಳಿಂದ ಕೊಳಲನ್ನು ಬಿಡಿಸಲು ಕೂತೆ. ಈಗ ಅದಕ್ಕೂ ಸಾಫ್ಟ್‌ವೇರ್ ಬಂದಿದೆ. ಕೊಳಲು ಹೋಯಿತು, ಹೋಗುವಾಗ ಅಕ್ಕನ ದನಿಯ ಸಿಪ್ಪೆಯನ್ನೂ ಎಳೆದುಕೊಂಡು ಹೋಯಿತು. ಇದ್ದಬದ್ದದ್ದನ್ನೆಲ್ಲ ಸೇರಿಸಿ, ಇಷ್ಟೇ ಇರುವುದು, ಏನಾದರೂ ಮಾಡಿ ತಾಯಿ ಎಂದು ಆಸ್ಪತ್ರೆಯ ಆ ಹುಡುಗಿಗೆ ಕಳಿಸಿದೆ. ಅವಳು ಪಾಪ ತುಂಬ ಓಡಾಡಿ ಮಾಡಿಸಿದಳು.

ಆ ದನಿ ಅಕ್ಕನ ಫೋನಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಭಾವ ಡೈರಿಯಿಂದ ಬಂದು ಕ್ಯಾನು ತೊಳೆಯುತ್ತಿದ್ದರು. ಅಕ್ಕ ಹೆಬ್ಬೆರಳಿನಲ್ಲಿ ಒತ್ತಿ ಒತ್ತಿ ಬರೆದಳು. ಹಾಲು ಹಾಕಿ ಬಂದ್ರಾ ಎಂದಿತು ಫೋನು. ಭಾವ ತಟ್ಟನೆ ತಿರುಗಿದರು. ಮುಖ ಒಂದು ಗಳಿಗೆ ಬೆಳಗಿತು, ಆಮೇಲೆ ಇಳಿಯಿತು. ಹೆಂಗಸಿನ ದನಿ, ಕನ್ನಡ ಸ್ಪಷ್ಟವಾಗಿಯೇ ಇತ್ತು. ಬ್ಯಾಂಕಿನಿಂದ ಫೋನು ಮಾಡಿ ನಯವಾಗಿ ಮಾತಾಡುವವರ ದನಿ, ತಗಡಿನ ಡಬ್ಬದೊಳಗೆ ಕೂತು ಮಾತಾಡಿದಂತೆ. ಅಕ್ಕ ಇನ್ನೊಂದು ಸಲ ಒತ್ತಿ ಕೇಳಿದಳು. ಫೋನನ್ನು ನನ್ನ ಕಡೆ ತಿರುಗಿಸಿದಳು. ಇವಳ್ಯಾರು ಎಂದು ಬರೆದಿದ್ದಳು.

ಭಾವ ಕ್ಯಾನನ್ನು ಕವುಚಿ ಹಾಕಿ ಅದರ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟರು.

"ಬೈಸ್ಕಳೋ ಯೋಗ್ಯತೆನೂ ಓಯ್ತು ನಂದು" ಎಂದರು.

ಅವರ ಮೇಲಿನ ನನ್ನ ಸಿಟ್ಟು ಅಲ್ಲಿಗೆ ಮುಗಿಯಿತು. ಸಿಟ್ಟಾದರೂ ಇದ್ದಿದ್ದರೆ ಚೆನ್ನಾಗಿತ್ತು, ಕೈಗೆ ಏನೋ ಒಂದು ಕೆಲಸ ಇದ್ದಂತಿರುತ್ತಿತ್ತು.

ಹಾಸನಕ್ಕೆ ಬಂದು ಬಹಳ ದಿನ ಕಂಪ್ಯೂಟರು ಮುಟ್ಟಲಿಲ್ಲ. ಆಮೇಲೆ ಅರಕಲಗೂಡಿನ ವಕೀಲರು ಪೀಡಿಸತೊಡಗಿದರು, ಕೆಲಸಕ್ಕೆ ಕೂತೆ. ಅವರ ರೆಕಾರ್ಡಿಂಗಿನ ಫ್ಯಾನಿನ ಸದ್ದು ತೆಗೆಯಬೇಕಿತ್ತು. ಸದ್ದಿನ ಮಾದರಿಗಳನ್ನು ಇಟ್ಟುಕೊಳ್ಳುವ ಒಂದು ಫೋಲ್ಡರು ನನ್ನ ಕಂಪ್ಯೂಟರಿನಲ್ಲಿದೆ, ಅದನ್ನು ತೆರೆದೆ. ವಕೀಲರ ಆಫೀಸು, ಮೇಷ್ಟ್ರ ವರಾಂಡ, ಅವುಗಳ ಕೆಳಗೆ ಅಕ್ಕನ ನಡುಮನೆ, ಅಕ್ಕನ ಹಿತ್ತಲು, ಅಕ್ಕನ ಕೊಟ್ಟಿಗೆ ಎಂದು ಒಂದು ಉದ್ದ ಸಾಲು.

ಪ್ರತಿ ರೆಕಾರ್ಡಿಂಗಿಗೆ ಮೊದಲು ಸುಮ್ಮನೆ ಕೂರಿಸುತ್ತಿದ್ದೆನಲ್ಲ, ಆ ಅರ್ಧ ನಿಮಿಷಗಳು. ಮೂಲದಿಂದ ಕತ್ತರಿಸಿದ ವೇವ್ ಫೈಲುಗಳು, ಯಾವ ಅಂಗಡಿಗೂ ಹೋಗದವು. ಅರ್ಧರ್ಧ ನಿಮಿಷದವು, ಜಾಗ ತಿನ್ನುವುದಿಲ್ಲ ಎಂದು ಇಲ್ಲೇ ಉಳಿದಿದ್ದವು. ಒಂದನ್ನು ತೆರೆದು ಚಿತ್ರ ನೋಡಿದೆ. ಮೇಲಿನವರೆಗೂ ತುಂಬಿಕೊಂಡಿತ್ತು, ಎಲ್ಲೂ ಕೊಯ್ದಿರಲಿಲ್ಲ. ಸುಮ್ಮನಿರು ಎಂದರೆ ಅವಳು ಎಲ್ಲಿ ಸುಮ್ಮನಿರುತ್ತಿದ್ದಳು? ಯಾವುದಾದರೂ ಒಂದರಲ್ಲಿ ಏನಾದರೂ ಒದರಿರುತ್ತಾಳೆ, ಒಂದು ವಾಕ್ಯ, ಒಂದು ಬೈಗುಳ, ಅಷ್ಟು ಸಿಕ್ಕರೂ ಸಾಕು ಎಂದು ಹೆಡ್‌ಫೋನು ಹಾಕಿಕೊಂಡೆ.

ಬಳೆಯ ಸದ್ದು. ಹಸು ಬಾಲ ಬೀಸಿದ್ದು. ಮೂಗಿನಲ್ಲಿ ಉಸಿರು, ಅಕ್ಕನದೇ, ನಗು ತಡೆದುಕೊಂಡು ಬಿಟ್ಟುಬಿಟ್ಟು ಬರುವ ಉಸಿರು. ಕೊನೆಯಲ್ಲಿ ತುಟಿ ಬಿಡಿಸಿಕೊಂಡ ಒಂದು ಸಣ್ಣ ಸದ್ದು, ಮಾತು ಶುರು ಮಾಡಲು ಎಳೆದುಕೊಂಡ ಗಾಳಿ. ಅಲ್ಲಿಗೆ ಫೈಲು ಮುಗಿಯುತ್ತದೆ. ಎರಡನೆಯದೂ ಹಾಗೇ. ಮೂರನೆಯದೂ. ಅವಳು ನಡುವೆ ಒದರಿದ್ದನ್ನೆಲ್ಲ ನಾನು ಆಗಲೇ ತೆಗೆದು ಎಸೆದಿದ್ದೆ, ಮಾದರಿಯಲ್ಲಿ ಮಾತು ಸೇರಿದರೆ ಆ ಮಾದರಿ ಕೆಲಸಕ್ಕೆ ಬರುವುದಿಲ್ಲ. ಸಾಲಿನ ಕೊನೆಯವರೆಗೂ ಕೇಳಿದೆ. ಕತ್ತರಿ ಹಾಕುವುದರಲ್ಲಿ ನನ್ನ ಕೈ ಎಲ್ಲೂ ತಪ್ಪಿರಲಿಲ್ಲ. ಪ್ರತಿಯೊಂದರಲ್ಲೂ ಸರಿಯಾಗಿ ಅವಳ ಮೊದಲ ಅಕ್ಷರಕ್ಕೆ ಮೊದಲು ಕತ್ತರಿಸಿದ್ದೆ.

ಒಂದರಲ್ಲಿ ಮಾತ್ರ, ಅವಳ ಕೊಟ್ಟಿಗೆಯದರಲ್ಲಿ, ಶುರುವಿನಲ್ಲಿ ಮಾತು ಉಳಿದುಕೊಂಡಿತ್ತು. ಅದು ನನ್ನದು.

ಮುಂದಿನ ಸಲ ಹೋದಾಗ ಅಕ್ಕನಿಗೆ ಹೇಳಬೇಕೋ ಬೇಡವೋ ಎಂದು ಬಸ್ಸಿನಲ್ಲಿ ಶಾಂತಿಗ್ರಾಮದವರೆಗೂ ಯೋಚಿಸಿದೆ. ಹೇಳಿದೆ. ನಿನ್ನದು ಅಂತ ಕೆಡದೆ ಉಳಿದಿರುವುದು ಇಷ್ಟೇ ಅಕ್ಕ ಎಂದೆ. ಅವಳು ಕೊಟ್ಟಿಗೆಯ ಕಟ್ಟೆಯ ಮೇಲೆ ಕೂತು ಹೆಡ್‌ಫೋನಿಗೆ ತಲೆ ಒಡ್ಡಿದಳು. ಆ ಕೊಟ್ಟಿಗೆಯ ಫೈಲನ್ನೇ ಹಾಕಿದೆ. ಅವಳು ಕೇಳುತ್ತ ಕೇಳುತ್ತ ಕೈಯನ್ನು ಮೂಗಿನ ಹತ್ತಿರ ತಂದು ಹಿಡಿದಳು. ಈಗ ಅಲ್ಲಿ ಉಸಿರು ಬರುವುದಿಲ್ಲ.

ಮುಗಿದ ಮೇಲೆ ಬೆರಳು ತಿರುಗಿಸಿ ಇನ್ನೊಂದು ಸಲ ಎಂದಳು. ನನಗೂ ಕೇಳಲಿ ಎಂದು ಹೆಡ್‌ಫೋನು ತೆಗೆದು ಸ್ಪೀಕರಿಗೆ ಹಾಕಿಸಿದಳು. ಕೊಟ್ಟಿಗೆಯಲ್ಲಿ ನನ್ನ ದನಿ ಮೊಳಗಿತು, ಒಂದಿಷ್ಟೂ ಕೆಡದೆ, ನಿನ್ನೆ ಆಡಿದಷ್ಟು ಸ್ಪಷ್ಟವಾಗಿ:

"ಅಕ್ಕ, ಸುಮ್ಕಿರು. ಮಾತಾಡ್ಬೇಡ."